ಪಕ್ಕದ ಮನೆಯವಳು

ಕೆಂಟಕಿಯ ಸ್ಲೇಟ್ ಲಿಕ್ ಕಣಿವೆಯಲ್ಲಿ ಡ್ರೀಮಾ ಲಸ್ಕಳ ಮನೆಯೆದುರು ಎರಡು ಅಂಚೆ ಡಬ್ಬಗಳಿದ್ದವು. ಒಂದರ ಮೇಲೆ ಲಸ್ಕ್, ಇನ್ನೊಂದರ ಮೇಲೆ ಕ್ಲೈನ್. ಲಸ್ಕ್ ಎಂಬುದು ಅವಳ ಸತ್ತ ಗಂಡನ ಮನೆತನದ ಹೆಸರು. ಕ್ಲೈನ್ ಅಂದರೆ ಹೋಬರ್ಟ್ ಕ್ಲೈನ್, ಇಪ್ಪತ್ತೆರಡು ವರ್ಷಗಳಿಂದ ಅವಳ ಜೊತೆ ಉಂಡು ಮಲಗಿ ಬಾಳಿದವನು. ಅವನ ಮನೆಯೆಂದು ತೋರಿಸಲು ಪಕ್ಕದಲ್ಲೇ ಗಾಲಿಗಳ ಮೇಲಿನ ಒಂದು ಹಳೆಯ ತಗಡಿನ ಮನೆ, ಟ್ರೇಲರ್, ನಿಲ್ಲಿಸಿದ್ದರು. ಅದರೊಳಗಿನ ದೀಪಕ್ಕೆ ಗಡಿಯಾರದ ಸ್ವಿಚ್ಚು ಸಿಕ್ಕಿಸಿದ್ದರು. ಸಂಜೆ ಆರಕ್ಕೆ ತಾನೇ ಹೊತ್ತಿಕೊಂಡು ಒಂಬತ್ತಕ್ಕೆ ತಾನೇ ಆರುತ್ತಿತ್ತು. ಆ ಬೆಳಕಿನಲ್ಲಿ ಇಲಿಗಳು ಸುಖವಾಗಿ ಸಂಸಾರ ಮಾಡಿಕೊಂಡಿದ್ದವು.

ಈ ನಾಟಕಕ್ಕೆ ಕಾರಣವಿತ್ತು. ಡ್ರೀಮಾಳ ಗಂಡ ಡೆಲ್ಮರ್ ಕಲ್ಲಿದ್ದಲು ಗಣಿಯಲ್ಲಿ ಇಪ್ಪತ್ತೇಳು ವರ್ಷ ದುಡಿದು, ಎದೆಯ ತುಂಬ ಕರಿಧೂಳು ತುಂಬಿಕೊಂಡು, ಐವತ್ತು ದಾಟುವ ಮೊದಲೇ ಉಸಿರಿಗೆ ಒದ್ದಾಡಿ ಸತ್ತ. ಅವನ ಹೆಂಡತಿಗೆಂದು ಪಿಂಚಣಿಯೂ ಔಷಧಿಯ ಕಾರ್ಡೂ ಬರುತ್ತಿದ್ದವು. ವಿಧವೆ ಮತ್ತೆ ಮದುವೆಯಾದಳೋ, ಎರಡೂ ಖೋತಾ. ಡ್ರೀಮಾಗೆ ಸಕ್ಕರೆ ಕಾಯಿಲೆ. ಕಾರ್ಡಿಲ್ಲದೆ ಇನ್ಸುಲಿನ್ ಕೊಳ್ಳುವ ಶಕ್ತಿ ನಮ್ಮ ಕಣಿವೆಯಲ್ಲಿ ಯಾರಿಗೂ ಇಲ್ಲ. ವರ್ಷಕ್ಕೊಮ್ಮೆ ಹಳದಿ ಕಾಗದವೊಂದು ಬಂದು, ಮರುಮದುವೆ ಆಗಿದೆಯೇ ಎಂದು ಕೇಳುತ್ತಿತ್ತು. ಅವಳು 'ಇಲ್ಲ' ಎಂಬ ಚೌಕಕ್ಕೆ ಗುರುತು ಹಾಕಿ ಕಳಿಸುತ್ತಿದ್ದಳು. ಕಟ್ಟಿಕೊಂಡವಳು ಕಡೇತನಕ, ಇಟ್ಟುಕೊಂಡವಳು ಇರೋತನಕ ಎಂದು ಗಾದೆ ಮಾಡಿದ ಪುಣ್ಯಾತ್ಮರು ಗಣಿಯೂರಿನ ವಿಧವೆಯರನ್ನು ಕಂಡವರಲ್ಲ. ಇಲ್ಲಿ ಇಟ್ಟುಕೊಂಡವಳು ಡ್ರೀಮಾ, ಕಡೇತನಕ ಇರಲಿ ಎಂದೇ ಅವನನ್ನು ಇಟ್ಟುಕೊಂಡಿದ್ದಳು.

ಊರಿಗೆಲ್ಲ ಗೊತ್ತಿದ್ದ ಗುಟ್ಟು ಅದು. ಭಾನುವಾರ ಚರ್ಚಿನಲ್ಲಿ ಇಬ್ಬರೂ ಒಂದೇ ಬೆಂಚಿನ ಎರಡು ತುದಿಗೆ ಕೂರುತ್ತಿದ್ದರು. ನಡುವೆ ಎದುರುಮನೆಯ ಗೆಳತಿ ವಿಲೆಟಾ.

"ನಿಮ್ಮಿಬ್ರ ಮಧ್ಯ ಕೂತೂ ಕೂತೂ ನಾನು ಗೋಡೆ ಆಗ್ಬಿಟ್ಟಿದೀನಿ ಕಣ್ರೇ. ಒಂದ್ ಕಿಟಕಿನಾದ್ರೂ ಇಡ್ಸಿ ನಂಗೆ," ಎನ್ನುತ್ತಿದ್ದಳು ಅವಳು.

ಡ್ರೀಮಾಗೆ ಮಾತ್ರ ಇದು ತಮಾಷೆಯಾಗಿರಲಿಲ್ಲ. ಹೋಬರ್ಟನದು ಒಳ್ಳೆಯ ಜೀವ, ಆದರೆ ಸುಳ್ಳು ಹೇಳಲು ಬಾರದ ಬಾಯಿ. ಅದಕ್ಕೇ ರಾತ್ರಿ ಊಟದ ಹೊತ್ತಿಗೆ, ಬೀನ್ಸ್ ಕಾಳಿನ ಸಾರು ಬಡಿಸುವ ಮೊದಲು, ಅವನಿಗೆ ಗಿಳಿಪಾಠ ಮಾಡಿಸುತ್ತಿದ್ದಳು.

"ಕಾಗದ ಸಿಕ್ಸಿರೋ ಹಲಗೆ ಹಿಡ್ಕೊಂಡು ಯಾರೇ ಬರ್ಲಿ, ನಾನು ಯಾರು ಅಂತ ಕೇಳಿದ್ರೆ ಏನಂತೀಯ?"

"ಪಕ್ಕದ್ಮನೆಯೋಳು."

"ಒತ್ತಿ ಒತ್ತಿ ಕೇಳಿದ್ರೆ?"

"ಅಷ್ಟೇ ಅಂತೀನಿ. ಮೊದ್ಲು ಬಡ್ಸೇ, ಹೊಟ್ಟೆ ಹಸೀತಿದೆ."

ಒಂದು ವರ್ಷ ನಿಜವಾಗಿಯೂ ಪಿಂಚಣಿ ಕಚೇರಿಯವನೊಬ್ಬ ಹಲಗೆ ಹಿಡಿದು ಬಂದ. ಹೋಬರ್ಟ್ ಟ್ರೇಲರ್ ಮೆಟ್ಟಿಲ ಮೇಲೆ ಕೂತು ಕಲಿತದ್ದನ್ನು ಕಲಿತ ಹಾಗೆಯೇ ಒಪ್ಪಿಸಿದ. ಕಚೇರಿಯವನ ಕಾರು ಸೇತುವೆ ದಾಟಿದ ಮೇಲೆ ಹಿಂಬಾಗಿಲಿನಿಂದ ಒಳಗೆ ಬಂದು, "ಸರಿಯಾಗ್ ಹೇಳ್ದೆ ತಾನೆ?" ಎಂದು ಕೇಳಿದ. ಅವನ ಮುಖ ಪರೀಕ್ಷೆ ಪಾಸಾದವನ ಮುಖದ ಹಾಗೆ ಅರಳಿತ್ತು. "ಸರಿಯಾಗೇ ಹೇಳ್ದೆ," ಎಂದು ಡ್ರೀಮಾ ತಾನೇ ಕೊಪ್ಪರಿಗೆಯಲ್ಲಿ ದಿನವಿಡೀ ಕಲಕಿ ಇಳಿಸಿದ್ದ ಸೇಬಿನ ಪಾಕವನ್ನು ಒಂದು ಚಮಚ ತುಂಬ ಅವನ ಬಾಯಿಗೇ ಇಟ್ಟಳು.

ಕಳೆದ ಸೆಪ್ಟೆಂಬರಿನಲ್ಲಿ ದೇಶದ ಇನ್ನೊಂದು ಕಡೆಯ ಐಡಹೊದಿಂದ ಅವನ ಮೊಮ್ಮಗಳ ಮದುವೆಯ ಕರೆಯೋಲೆ ಬಂತು. ಅದರ ಮೇಲೆ ಅವನೊಬ್ಬನ ಹೆಸರಿತ್ತು. ಹೋಬರ್ಟನ ಮೊದಲ ಮದುವೆ ಮುರಿದು ಯಾವುದೋ ಕಾಲವಾಗಿತ್ತು. ಅದರಿಂದ ಉಳಿದವಳು ಮಗಳು ಟ್ವೈಲಾ, ಅವಳು ಬರೆಸಿದ್ದೇ ಹಾಗೆ. "ಹೋಗ್ಬಾ, ನಾನು ಬಂದ್ರೆ ನಿನ್ ಮಗಳ ಮುಖ ಹುಳಿಯಾಗುತ್ತೆ," ಎಂದು ಡ್ರೀಮಾ ಅವನ ಅಂಗಿಗಳಿಗೆ ಇಸ್ತ್ರಿ ಹಾಕಿ ಕಳಿಸಿಕೊಟ್ಟಳು. ಮದುವೆಯ ಮಾರನೆಯ ದಿನ ಅವನಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋದವು, ಮಾತು ತೊದಲಿತು, ನೆನಪು ಅಲ್ಲಲ್ಲಿ ಹರಿಯಿತು. ಡ್ರೀಮಾಗೆ ಸುದ್ದಿ ಬಂದದ್ದು ಹನ್ನೊಂದು ದಿನಗಳ ಮೇಲೆ.

"ಬಂಧು ಬಳಗಕ್ಕೆಲ್ಲ ಹೇಳೋಷ್ಟರಲ್ಲಿ ಹೊತ್ತಾಯ್ತು, ಮಿಸೆಸ್ ಲಸ್ಕ್," ಎಂದಳು ಟ್ವೈಲಾ. ಡ್ರೀಮಾ ದಿನವೂ ಆಸ್ಪತ್ರೆಗೆ ಫೋನು ಮಾಡಿದಳು. ದಿನವೂ ಒಂದೇ ಪ್ರಶ್ನೆ, ನೀವು ಅವರಿಗೆ ಏನಾಗಬೇಕು? ಬಾಯಿಗೆ ಬಂದ ಉತ್ತರವನ್ನು ನುಂಗಿ ಫೋನು ಇಡುತ್ತಿದ್ದಳು. ವಾಸಿಯಾದ ಮೇಲೆ ಕಳಿಸಿಕೊಡುತ್ತೇನೆಂದು ಟ್ವೈಲಾ ಹೇಳಿದ್ದನ್ನು ನಂಬಿ ಆರು ವಾರ ಕಾದಳು. ನವೆಂಬರಿನ ಮೊದಲ ಭಾನುವಾರ ಟ್ವೈಲಾಳ ಫೋನು ಬಂತು. ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಸಭೆಯಿದೆ, ಅಪ್ಪ ಇನ್ನು ಎಲ್ಲಿರಬೇಕೆಂದು ತೀರ್ಮಾನವಾಗುತ್ತದೆ, ಇಲ್ಲೇ ಹತ್ತಿರದ ಆರೈಕೆ ಮನೆಗೆ ಶಾಶ್ವತವಾಗಿ ಸೇರಿಸುತ್ತೇವೆ, ನೀವು ಬರುವ ಅಗತ್ಯವಿಲ್ಲ. ಡ್ರೀಮಾ ಫೋನಿಟ್ಟವಳೇ ಹೋಬರ್ಟನ ಪಿಕಪ್ ಗಾಡಿಯ ಎಣ್ಣೆ ನೋಡಲು ಹೋದಳು.

ಅರವತ್ನಾಲ್ಕು ವರ್ಷಗಳಲ್ಲಿ ಅವಳು ಕೆಂಟಕಿಯಿಂದ ಆಚೆ ಹೋದವಳಲ್ಲ. ವಿಮಾನವೆಂದರೆ ಎದೆ ಒಡೆಯುವಷ್ಟು ಭಯ. ಅಲ್ಲದೆ ಅವನನ್ನು ಕರೆತರಲು ಗಾಡಿ ಬೇಕಲ್ಲ. ಪಕ್ಕದ ಸೀಟಿಗೆ ಕೌದಿ ಹಾಸಿ ಅವನ ದಿಂಬು ಇಟ್ಟಳು. ಗಣಿಯವರ ಬುತ್ತಿಯಾದ ಮಾಂಸ ತುಂಬಿದ ಬನ್ನುಗಳನ್ನು ಒಂದು ಚೀಲ ಬೇಯಿಸಿಕೊಂಡಳು. ಮಂಜುಗಡ್ಡೆ ಪೆಟ್ಟಿಗೆಯಲ್ಲಿ ಇನ್ಸುಲಿನ್, ಅದರ ಮಗ್ಗುಲಿಗೆ ಸೇಬಿನ ಪಾಕದ ಸೀಸೆ.

ಸೋಮವಾರ ಬೆಳಿಗ್ಗೆ ವಿಲೆಟಾ ಗಾಡಿಯ ಕಿಟಕಿಗೆ ಒರಗಿ ನಿಂತಳು. "ಈ ವಯಸ್ಸಲ್ಲಿ ಓಡಿ ಹೋಗ್ತಿದೀಯಲ್ಲೇ ಮಾರಾಯ್ತಿ! ಅದೂ ಒಬ್ಳೇ ಓಡಿ ಹೋಗೋಳನ್ನ ನಾನು ಎಲ್ಲೂ ಕಂಡಿಲ್ಲ."

"ಬರ್ತಾ ಇಬ್ರು ಬರ್ತೀವಿ," ಎಂದಳು ಡ್ರೀಮಾ.

ಮೊದಲ ಎರಡು ದಿನ ಮಳೆ ಬಿಡಲಿಲ್ಲ. ಕೊಯ್ಲು ಮುಗಿದ ಜೋಳದ ಹೊಲಗಳು ಮೈಲಿಗಟ್ಟಲೆ ಬೋಳಾಗಿ ಬಿದ್ದಿದ್ದವು. ಸಂಜೆಯಾಗುತ್ತಲೇ ಅಗ್ಗದ ಹೋಟೆಲು ಹುಡುಕಿ, ಬಾಗಿಲಿಗೆ ಕುರ್ಚಿ ಒತ್ತಿಟ್ಟು ಮಲಗುತ್ತಿದ್ದಳು. ಮೂರನೆಯ ದಿನ ನೆಬ್ರಾಸ್ಕ ಬಂತು. ಎರಡೂ ಕಡೆ ಬೆಟ್ಟವಿರುವ ಕಣಿವೆಯಲ್ಲಿ ಹುಟ್ಟಿ ಬೆಳೆದವಳಿಗೆ ಆ ಬಯಲು, ಚಳಿಯಲ್ಲಿ ಯಾರೋ ಹೊದಿಕೆ ಕಿತ್ತುಕೊಂಡ ಹಾಗಿತ್ತು. ಅವಳಿಗೆ ಅಳು ಬಂತು, ಗಾಡಿ ನಿಲ್ಲಿಸದೆ ಅತ್ತಳು.

ಆ ಬಯಲಿನಲ್ಲೇ ಅವಳ ಮನಸ್ಸು ಗಟ್ಟಿಯಾಯಿತು. ಶುಕ್ರವಾರ ಅವರು ಏನಾಗಬೇಕೆಂದು ಕೇಳಿಯೇ ಕೇಳುತ್ತಾರೆ. ಹೆಂಡತಿ ಎಂದು ಹೇಳಿಬಿಡುವುದು. ಒಂದು ಕಚೇರಿಯ ಕಾಗದ ಇನ್ನೊಂದು ಕಚೇರಿಗೆ ಇವತ್ತಲ್ಲ ನಾಳೆ ಮುಟ್ಟುತ್ತದೆ. ಪಿಂಚಣಿ ಹೋಗಲಿ, ಕಾರ್ಡೂ ಹೋಗಲಿ, ಮುಂದಿನದನ್ನು ದೇವರು ನೋಡಿಕೊಳ್ಳಲಿ. ಗಾಡಿಯೊಳಗೆ ಒಬ್ಬಳೇ ಗಟ್ಟಿಯಾಗಿ, "ನನ್ನ ಗಂಡ, ನನ್ನ ಗಂಡ" ಎಂದು ಹೇಳಿ ನೋಡಿದಳು. ನಾಲಿಗೆಗೆ ಹೊಸ ಚಪ್ಪಲಿಯ ಹಾಗೆ ಕಚ್ಚಿತು.

ಗುರುವಾರ ವಯೋಮಿಂಗಿನಲ್ಲಿ ಗಾಳಿ ಎದ್ದು ಹೆದ್ದಾರಿಗೆ ಗೇಟು ಹಾಕಿದರು. ಲಾರಿಗಳು ಸಾಲುಗಟ್ಟಿ ನಿಂತವು. ಪಕ್ಕದ ಹೋಟೆಲಿನಲ್ಲಿ ಡ್ರೀಮಾ ಕೈ ಹಿಸುಕಿಕೊಳ್ಳುತ್ತ ಐದು ಗಂಟೆ ಕೂತಳು. ಕಾಫಿ ಸುರಿಯುತ್ತಿದ್ದ ದಪ್ಪ ಹೆಂಗಸು ಕೇಳಿದಳು.

"ಯಾಕಮ್ಮಾ ಗಡಿಯಾರನ ಹಾಗ್ ನುಂಗೋ ಥರ ನೋಡ್ತೀಯ? ಆ ಕಡೆ ಯಾರಿದಾರೆ?"

"ನನ್ನ ಗಂಡ. ಲಕ್ವ ಹೊಡ್ದಿದೆ."

"ಅಯ್ಯೋ ಪಾಪ. ಮದ್ವೆಯಾಗಿ ಎಷ್ಟ್ ವರ್ಷ?"

"ಇಪ್ಪತ್ತೆರಡು."

"ಇಪ್ಪತ್ತೆರಡು ವರ್ಷ ಒಬ್ಬನ್ನೇ ಸಹಿಸ್ಕೊಂಡ್ಯಾ? ಸರ್ಕಾರ ನಿಂಗೆ ಪಿಂಚಣಿ ಕೊಡ್ಬೇಕು ಕಣಮ್ಮಾ!"

ಅಕ್ಕಪಕ್ಕದ ಲಾರಿ ಡ್ರೈವರುಗಳು ನಕ್ಕರು. ಡ್ರೀಮಾಳೂ ನಗಲು ನೋಡಿದಳು, ಆಗಲಿಲ್ಲ. ಆದರೂ ಒಂದು ಸಮಾಧಾನ, ಆ ಮಾತು ಹೇಳಿದ್ದಕ್ಕೆ ಯಾರೂ ಅವಳನ್ನು ಅನುಮಾನಿಸಲಿಲ್ಲ. ಮೂರು ಗಂಟೆಗೆ ಗೇಟು ತೆಗೆದರು.

ಶುಕ್ರವಾರ ಎರಡಕ್ಕೆ ಹತ್ತು ನಿಮಿಷವಿರುವಾಗ ಅವಳು ಆಸ್ಪತ್ರೆಯ ಬಾಗಿಲು ನೂಕಿದಳು. ಸಭೆಯ ಕೋಣೆಯಲ್ಲಿ ಟ್ವೈಲಾ, ಜೊತೆಗೆ ರೋಗಿಗಳನ್ನು ಎಲ್ಲಿಗೆ ಕಳಿಸಬೇಕೆಂದು ಬರೆದುಕೊಳ್ಳುವ ಮಿಸೆಸ್ ಹಾಲ್ವರ್ಸನ್. ಟ್ವೈಲಾ ಎದ್ದು ನಿಂತಳು.

"ಇಷ್ಟ್ ದೂರ ಬಂದಿದೀರಿ ಮಿಸೆಸ್ ಲಸ್ಕ್, ಅಪ್ಪನ್ನ ನೋಡ್ಕೊಂಡ್ ಹೋಗಿ. ಆದ್ರೆ ಈ ಮಾತುಕತೆ ಮನೆಯವ್ರಿಗೆ."

"ನಾನು ಅವನ ಹೆಂಡ್ತಿ," ಎಂದಳು ಡ್ರೀಮಾ. ಈಗ ಆ ಮಾತು ಕಚ್ಚಲಿಲ್ಲ.

"ಎಲ್ಲಿದೆ ಕಾಗದ?" ಟ್ವೈಲಾ ಕೈ ಚಾಚಿದಳು. "ಅಪ್ಪ ನಿಮ್ಮನ್ನ ಎಷ್ಟ್ ಸಲ ಕೇಳಿದ್ರು, ಮದ್ವೆ ಆಗೋಣ ಅಂತ? ನಂಗೊತ್ತು. ಸತ್ತೋನ ಕಾರ್ಡು ಬಿಡಕ್ಕಾಗ್ದೆ, ಬದ್ಕಿರೋನ್ನ ತಗಡಿನ ಡಬ್ಬದಲ್ಲಿ ಇಟ್ರಿ. ಈಗ ಹೆಂಡ್ತಿ ಅಂತ ಬಂದ್ರಾ?"

ಅದು ನಿಜವಾಗಿತ್ತು. ನಿಜವಾದ್ದರಿಂದಲೇ ಅಷ್ಟು ಉರಿಯಿತು. "ತಪ್ಪು ನಂದೇ ಕಣಮ್ಮ," ಎಂದಳು ಡ್ರೀಮಾ. "ಇನ್ಮೇಲೆ ನಂಗೆ ಕಾರ್ಡು ಬೇಡ. ಅವನನ್ನ ಮನೆಗೆ ಕರ್ಕೊಂಡ್ ಹೋಗ್ತೀನಿ."

ಮಿಸೆಸ್ ಹಾಲ್ವರ್ಸನ್ ಕೆಟ್ಟವಳಲ್ಲ. "ಕಾಗದ ಇಲ್ದಿದ್ರೆ ಇಲ್ಲ ಬಿಡಿ," ಎಂದಳು. "ಹೋಬರ್ಟ್‌ಗೆ ತಮ್ಮ ಇಷ್ಟ ಹೇಳೋಷ್ಟು ಬುದ್ಧಿ ಮರಳಿದೆ ಅಂತ ಡಾಕ್ಟ್ರು ಬರೆದಿದಾರೆ. ಇವಳು ನನ್ನ ಹೆಂಡ್ತಿ, ಇವಳ ಜೊತೆ ಹೋಗ್ತೀನಿ ಅಂತ ಅವ್ರ ಬಾಯಲ್ಲೇ ಬರ್ಲಿ. ಹಾಗೇ ಬರ್ಕೋತೀನಿ."

"ಕೇಳಿ," ಎಂದಳು ಟ್ವೈಲಾ. "ಅಪ್ಪ ಹೇಳಿದ್ದೇ ಆಗ್ಲಿ."

ಅವನನ್ನು ಗಾಲಿಕುರ್ಚಿಯಲ್ಲಿ ತಂದರು. ಅರ್ಧ ಕರಗಿ ಹೋಗಿದ್ದ. ಡ್ರೀಮಾಳನ್ನು ಕಂಡದ್ದೇ ಮುಖದ ಎಡಗಡೆಯೆಲ್ಲ ನಕ್ಕಿತು, ಎಡಗೈ ಅವಳ ಕಡೆಗೆ ಎದ್ದಿತು. ಅವಳು ಅದನ್ನು ಹಿಡಿದುಕೊಂಡಳು. ಗೆದ್ದೆ ಅನ್ನಿಸಿತು. ಹೊರಗೆ ಗಾಡಿಯಲ್ಲಿರುವ ದಿಂಬು ನೆನಪಾಯಿತು.

ಮಿಸೆಸ್ ಹಾಲ್ವರ್ಸನ್ ಕುರ್ಚಿ ಹತ್ತಿರಕ್ಕೆಳೆದು, ಕಾಗದ ಸಿಕ್ಕಿಸಿದ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಪೆನ್ನು ತೆಗೆದಳು. "ಹೋಬರ್ಟ್, ಇವ್ರು ನಿಮಗೆ ಏನಾಗ್ಬೇಕು?"

ಹೋಬರ್ಟನ ಕಣ್ಣು ಹಲಗೆಯ ಮೇಲೆ ಬಿತ್ತು. ನಗು ನಿಂತಿತು. ಅವನು ಮೆಲ್ಲಗೆ ತನ್ನ ಕೈ ಬಿಡಿಸಿಕೊಂಡು ತೊಡೆಯ ಮೇಲೆ ಇಟ್ಟುಕೊಂಡ.

"ಪ... ಪಕ್ಕದ್ಮನೆಯೋಳು."

"ಹೋಬರ್ಟ್!" ಡ್ರೀಮಾ ಅವನ ಮುಂದೆ ಮಂಡಿಯೂರಿದಳು. "ಈಗ ನಿಜ ಹೇಳ್ಬೋದು ಕಣೋ. ಪರವಾಗಿಲ್ಲ. ಹೇಳು, ನಾನು ನಿಂಗೆ ಯಾರು?"

ಒತ್ತಿ ಕೇಳಿದಷ್ಟೂ ಅವನು ಗಟ್ಟಿಯಾದ. ಅವಳ ತಲೆಯ ಮೇಲಿಂದ ಗೋಡೆಯನ್ನು ನೋಡುತ್ತ, "ಅಷ್ಟೇ," ಎಂದ. ಆ ಮಾತು ಮಾತ್ರ ಒಂದಿಷ್ಟೂ ತೊದಲಲಿಲ್ಲ.

"ಇದು ನಾನೇ ಹೇಳ್ಕೊಟ್ಟಿದ್ದು," ಎಂದಳು ಡ್ರೀಮಾ. "ಇಪ್ಪತ್ತೆರಡು ವರ್ಷ ನಾನೇ ಕಲ್ಸಿದ್ದು. ಆ ಹಲಗೆ ಒಳಗಿಟ್ಟು ಇನ್ನೊಂದ್ ಸಲ ಕೇಳಿ, ನಿಮ್ಮ ದಮ್ಮಯ್ಯ."

ಮಿಸೆಸ್ ಹಾಲ್ವರ್ಸನ್ ಹಲಗೆಯನ್ನು ಬೀರುವಿನಲ್ಲಿಟ್ಟು ಇನ್ನೊಮ್ಮೆ ಕೇಳಿದಳು. ಅವನು ಬೀರುವನ್ನೊಮ್ಮೆ ನೋಡಿ ಮೊದಲಿನ ಮಾತನ್ನೇ ಹೇಳಿದ. ಇವರ ಜೊತೆ ಮನೆಗೆ ಹೋಗುತ್ತೀರಾ ಎಂದು ಕೇಳಿದ್ದಕ್ಕೂ ಅದೇ ಉತ್ತರ. "ನೀವ್ ಹೇಳೋದು ನಿಜ ಇರ್ಬೋದಮ್ಮಾ," ಎಂದಳು ಆಕೆ. "ಆದ್ರೆ ಅವ್ರು ಹೇಳಿದ್ದನ್ನೇ ನಾನು ಬರೀಬೇಕು." ಹಾಗೆಯೇ ಬರೆದಳು. ಆರೈಕೆ ಮನೆಯ ಕಾಗದಕ್ಕೆ ಟ್ವೈಲಾ ಸಹಿ ಹಾಕಿದಳು. ಗೆದ್ದವಳ ಮುಖವೇನೂ ಅವಳದಾಗಿರಲಿಲ್ಲ. "ನೀವು ಅಪ್ಪನ ಹತ್ರ ಅರ್ಧ ಗಂಟೆ ಕೂತ್ಕೊಳಿ," ಎಂದು ಡ್ರೀಮಾಗೆ ಹೇಳಿ ಹೊರಗೆ ಹೋದಳು.

ಹೋಬರ್ಟನ ಕೋಣೆಯಲ್ಲಿ ಒಂದೇ ಕಿಟಕಿ. ಅದರಿಂದ ಗಾಡಿ ನಿಲ್ಲಿಸುವ ಜಾಗ ಕಾಣುತ್ತಿತ್ತು. ಡ್ರೀಮಾ ಬಾಗಿಲು ಮುಚ್ಚಿ ಅವನ ಪಕ್ಕದಲ್ಲಿ ಕೂತಳು. ಅವನು ಮುಚ್ಚಿದ ಬಾಗಿಲನ್ನು ನೋಡಿದ, ಯಾರೂ ಬರುವುದಿಲ್ಲವೆಂದು ಖಾತ್ರಿಯಾದ ಮೇಲೆ ಎಡಗೈಯಿಂದ ಅವಳನ್ನು ಹತ್ತಿರ ಕರೆದ. ಅರ್ಧ ಮುಖ ಮತ್ತೆ ಅರಳಿತ್ತು.

"ಸ... ಸರಿಯಾಗ್ ಹೇಳ್ದೆ ತಾನೆ?"

ಅವಳು ಇಲ್ಲ ಕಣೋ ಎನ್ನಲು ಬಾಯಿ ತೆರೆದಳು. ಆದರೆ ಅವನು ಕಾಯುತ್ತಿದ್ದ.

"ಸರಿಯಾಗೇ ಹೇಳ್ದೆ," ಎಂದಳು. ಕೈಚೀಲದಿಂದ ಸೇಬಿನ ಪಾಕದ ಸೀಸೆ ತೆಗೆದು ಒಂದು ಚಮಚ ತುಂಬ ಅವನ ಬಾಯಿಗಿಟ್ಟಳು.