ಅಜ್ಜಿಗೆ ಹೇಳು, ನಿಮ್ಮಮ್ಮನಿಗೆ ಹೇಳು

ರಾಜಾಜಿನಗರದ ನಮ್ಮ ಬ್ಲಾಕಿನಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಬೇಸಿಗೆ ರಜೆ ಬಂತೆಂದರೆ ಆ ಸೈಟುಗಳೆಲ್ಲ ನಮ್ಮವು. ಬೆಳಿಗ್ಗೆ ಕಾರ್ಖಾನೆಗಳ ಸೈರನ್ ಕೂಗುವ ಹೊತ್ತಿಗೆ ಬುಗುರಿ, ಚಾಟಿ ಎರಡೂ ಚಡ್ಡಿಯ ಜೇಬು ಸೇರಿರುತ್ತಿದ್ದವು. ಬಿಸಿಲಿಗೆ ಕಾದ ಕೆಂಪು ಮಣ್ಣಿನ ವಾಸನೆ, ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಕಚ್ಚಿದಾಗ ಜುಮ್ಮೆನ್ನುತ್ತಿದ್ದ ಹಲ್ಲು, ನನ್ನ ವಯಸ್ಸಿನವರಿಗೆ ಇವೆಲ್ಲ ನೆನಪಿರಬೇಕು. ಅಂಥ ಒಂದು ಬೇಸಿಗೆಯ ಕಥೆಯನ್ನು ನಾನು ಮಕ್ಕಳಿಗೆ, ಮೊಮ್ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ಆದರೆ ಪ್ರತಿ ಸಲವೂ ಬುಗುರಿಯಾಟದ ತನಕ ಹೇಳಿ ನಿಲ್ಲಿಸಿಬಿಡುತ್ತಿದ್ದೆ.

ಅಜ್ಜಿ, ಅಂದರೆ ಅಪ್ಪನ ತಾಯಿ, ದಾವಣಗೆರೆ ಕಡೆಯವಳು. ಗಟ್ಟಿ ಹೆಂಗಸು. ನಸುಕಿನಲ್ಲೇ ಎದ್ದು ಹಿತ್ತಲಿನ ಬಚ್ಚಲಿಗೆ ತಾನೇ ಬಕೀಟು ಹೊತ್ತು, ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡಿದ ಮೇಲೆಯೇ ಕಾಫಿ. ಅಮ್ಮ ಬಕೀಟಿಗೆ ಕೈ ಹಾಕಿದರೆ, "ಬಿಡವ್ವ, ನನ್ನ ನೀರು ಇನ್ನೊಬ್ರು ಹೊರೋ ದಿನ ಬಂದ್ರೆ ಶಿವ ನನ್ನ ಕರಕೊಂಡ್ಬಿಡ್ಲಿ" ಅನ್ನುತ್ತಿದ್ದಳು.

ಆ ವರ್ಷ ರಜೆ ಶುರುವಾಗುವ ಮೊದಲು, ಅಮ್ಮ ಸೋಪಿನ ನೀರು ಹಾಕಿ ತಿಕ್ಕಿದ್ದ ಹಿತ್ತಲಿನ ಚಪ್ಪಡಿಯ ಮೇಲೆ ಅಜ್ಜಿ ಜಾರಿ ಬಿದ್ದಳು. ಮೊಣಕಾಲಿನ ಕೆಳಗೆ ಮೂಳೆ ಬಿರುಕು ಬಿಟ್ಟಿತು. ಮೂಳೆಗೆ ಕಟ್ಟು ಹಾಕುವ ಪಂಡಿತರೊಬ್ಬರನ್ನು ಅಪ್ಪ ಕರೆತಂದರು. ಪಂಡಿತರು ಚೀಲದಿಂದ ಬಿದಿರಿನ ದಬ್ಬೆ, ಸೊಪ್ಪು, ಬಟ್ಟೆ ತೆಗೆದಿಟ್ಟು ಕೊನೆಗೆ ಎರಡು ಕೋಳಿಮೊಟ್ಟೆ ತೆಗೆದರು.

"ಏನಲೇ ಅದು, ಮೊಟ್ಟೇನಾ? ಲಿಂಗ ಕಟ್ಟಿದ ಮೈಗೆ ಮೊಟ್ಟೆ ಬಳೀತಾನಂತೆ!" ಎಂದು ಅಜ್ಜಿ ಆ ನೋವಿನಲ್ಲೂ ಕೂಗಾಡಿದಳು.

"ಹಚ್ಚೋದು ಕಾಲಿಗೆ ಕಣಮ್ಮಾ, ಬಾಯಿಗಲ್ಲ."

"ಕಾಲೇನು ಪಕ್ಕದ ಮನೇದಾ?"

ಕೊನೆಗೆ ಉದ್ದಿನ ಹಿಟ್ಟು ಕಲಸಿ ಕಟ್ಟು ಹಾಕಿದರು. ಮನೆಯೆಲ್ಲ ಹಸಿ ಸೊಪ್ಪಿನ ಘಾಟು.

ನಗು ಅಲ್ಲಿಗೇ ಮುಗಿಯಿತು. "ನೆಲ ಒರೆಸದೆ ಬಿಟ್ಟಿದ್ದಕ್ಕೇ ನಾ ಬಿದ್ದೆ" ಎಂದು ಅಜ್ಜಿ ನೋಡಲು ಬಂದವರ ಮುಂದೆಲ್ಲ ಅಂದಳು. "ಒದ್ದೆ ಇದೆ, ಹೋಗಬೇಡಿ ಅಂತ ಬಡ್ಕೊಂಡೆ" ಎಂದು ಅಮ್ಮ ಅತ್ತಳು. ಅಂದಿನಿಂದ ಅವರಿಬ್ಬರಿಗೂ ಮಾತು ನಿಂತಿತು. ಅತ್ತೆ ಸೊಸೆ ಮಾತು ಬಿಟ್ಟ ಮನೆಗಳಲ್ಲಿ ಬೆಳೆದವರಿಗೆ ಮುಂದಿನದು ಗೊತ್ತೇ ಇರುತ್ತದೆ. ನಡುವೆ ಒಂದು ಮಗು ಬೇಕು. "ಅಜ್ಜಿಗೆ ಹೇಳು, ರೊಟ್ಟಿ ಆಗಿದೆ ಅಂತ." "ನಿಮ್ಮಮ್ಮನಿಗೆ ಹೇಳು, ಚಟ್ನಿಗೆ ಉಪ್ಪು ಸಾಲದು ಅಂತ." ಇಬ್ಬರೂ ಒಂದೇ ಕಡೆ ಇದ್ದಾಗಲೂ ನಾನು ಹೇಳುವ ತನಕ ಕೇಳಿಸದವರಂತೆ ಇರುತ್ತಿದ್ದರು. ಅಜ್ಜಿಯ ಮಂಚವನ್ನು ಮುಂದಿನ ಕೋಣೆಗೆ ಹಾಕಿದ ಮೇಲೆ ಅಡುಗೆಮನೆಯ ಮಾತು ಅಲ್ಲಿಗೆ ನಿಜವಾಗಿಯೂ ಕೇಳುತ್ತಿರಲಿಲ್ಲ. ಬಚ್ಚಲಿಗೆ ಹೋಗಲಾರದ ಅಜ್ಜಿಗೆ ಅಮ್ಮ ಮಾತಾಡದೆ ಮಂಚದ ಬಳಿಗೇ ಬೋಗುಣಿ ತಂದಿಟ್ಟು, ಮಾತಾಡದೆ ತೆಗೆದುಕೊಂಡು ಹೋಗುತ್ತಿದ್ದಳು. ಆ ಹೊತ್ತಿನಲ್ಲಿ ಅಜ್ಜಿ ಗೋಡೆಯ ಕಡೆ ಮುಖ ತಿರುಗಿಸಿರುತ್ತಿದ್ದಳು.

ಕಟ್ಟು ಬಿಚ್ಚಿದ ದಿನ ಪಂಡಿತರು ಅಮ್ಮನನ್ನು ಅಡುಗೆಮನೆಯ ಬಾಗಿಲಿಗೆ ಕರೆದು ಹೇಳಿದರು: "ಮೂಳೆ ಕೂಡಿದೆ. ಇನ್ನು ದಿನಾ ಬೆಳಿಗ್ಗೆ ಸಂಜೆ ಹುಡುಗನ ಭುಜ ಹಿಡ್ಕೊಂಡು ನಡೀಲಿ. ಮಂಡಿ ಮಡಿಸ್ಲಿ. ನೋವು ಅಂತ ಮಲಗಿದ್ರೆ ಮಂಡಿ ಹಿಡ್ಕೊಂಡ್ಬಿಡುತ್ತೆ, ಆಮೇಲೆ ನನ್ ಕೈಲೂ ಆಗಲ್ಲ."

ಅದು ನನ್ನ ಕೆಲಸವಾಯಿತು. ಮೊದಲ ಕೆಲವು ದಿನ ಸರಿಯಾಗಿಯೇ ಮಾಡಿದೆ. ಅಜ್ಜಿ ನನ್ನ ಭುಜಕ್ಕೆ ಐದೂ ಬೆರಳು ಊರಿ, "ಮೆಲ್ಲಕ ಹೋಗಲೇ, ಕುದ್ರಿ ಓಡಿಸ್ತೀಯಾ" ಎಂದು ಬೈಯುತ್ತ ಗೇಟಿನ ತನಕ ಬರುತ್ತಿದ್ದಳು. ಹಿತ್ತಲಿಗೆ ಎರಡು ಮೆಟ್ಟಿಲು ಇಳಿಯುವ ಶಕ್ತಿ ಬಂದರೆ ಸಾಕು ಅನ್ನುತ್ತಿದ್ದಳು. ಎದುರಿನ ಸೈಟಿನಲ್ಲಿ ಹುಡುಗರು ಬುಗುರಿ ಆಡುತ್ತಿದ್ದರು. ಒಬ್ಬ ಕೂಗಿದ: "ಏನ್ ಗುರು, ಮದುಮಗಳ್ನ ಮನೆ ತುಂಬಿಸ್ಕೊತಾ ಇದೀಯಾ?" ಎಲ್ಲರೂ ಹೋ ಎಂದು ನಕ್ಕರು. ಅಜ್ಜಿಯೂ ನಕ್ಕಳು. ನನಗೆ ನಗು ಬರಲಿಲ್ಲ.

ಮಾರನೆಯ ಸಂಜೆ ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. "ಅಜ್ಜಿಗೆ ಹೇಳೋ, ನಡಿಯೋ ಹೊತ್ತಾಯ್ತು ಅಂತ" ಅಂದಳು. ನಾನು ಮುಂದಿನ ಕೋಣೆಯ ಬಾಗಿಲ ತನಕ ಹೋಗಿ ವಾಪಸು ಬಂದೆ.

"ಇವತ್ತು ಬೇಡವಂತೆ. ನೋಯುತ್ತಂತೆ."

ಯಾಕೆ ಇನ್ನೂ ನಡೆಸಲು ಬರಲಿಲ್ಲ ಎಂದು ಅಜ್ಜಿ ಕೇಳಿದಾಗ, "ಪಂಡಿತರು ಕೆಲವು ದಿನ ಕಾಲು ಊರಬಾರದು ಅಂದಿದ್ದಾರಂತೆ, ಅಮ್ಮ ಹೇಳಿದ್ಲು" ಅಂದೆ. ಅಜ್ಜಿ ನಂಬದವಳಂತೆ ನೋಡಿದಳು. ಮಾತಿಗೆ ತೂಕ ಬರಲಿ ಎಂದು ನನ್ನದೇ ಒಂದು ಮಾತು ಸೇರಿಸಿದೆ. "ಎದ್ದು ಮತ್ತೆ ಬಿದ್ರೆ ನಾನು ನೋಡ್ಕೊಳ್ಳಲ್ಲ ಅಂದ್ಲು."

ಅಜ್ಜಿ ಮತ್ತೆ ಮಲಗಿದಳು. ನಾನು ಆಡಲು ಓಡಿದೆ.

ಒಂದು ದಿನದ ಸುಳ್ಳೆಂದುಕೊಂಡಿದ್ದೆ. ಆದರೆ ಮಾರನೆಯ ದಿನ ನಿಜ ಹೇಳಿದರೆ ಹಿಂದಿನ ದಿನದ್ದು ಹೊರಬೀಳುತ್ತಿತ್ತು. ಹಾಗಾಗಿ ಮತ್ತೊಂದು, ಅದನ್ನು ಕಾಯಲು ಇನ್ನೊಂದು. ಅಮ್ಮ, "ನೋವಾದ್ರೂ ನಡೀಬೇಕು ಅಂತ ಹೇಳೋ" ಅನ್ನುತ್ತಿದ್ದಳು. "ಬಲವಂತ ಮಾಡಬೇಡ ಅಂತಾರೆ" ಅನ್ನುತ್ತಿದ್ದೆ. ಅತ್ತ ಅಜ್ಜಿ ದಿನೇ ದಿನೇ ದನಿ ತಗ್ಗಿಸಿ ಕೇಳತೊಡಗಿದಳು. "ನಿಮ್ಮಮ್ಮನ್ನ ಕೇಳಲೇ, ಹಿತ್ತಲ ತನಕ ಆದ್ರೂ ಹೋಗ್ಲಾ ಅಂತ. ಗೋಡೆ ಹಿಡ್ಕೊಂಡು ಹೋಗ್ತೀನಿ ಅನ್ನು." ನಾನು ಮನೆಯ ಸುತ್ತ ಒಂದು ಸುತ್ತು ಹಾಕಿ ಬಂದು, "ಬೇಡವಂತೆ" ಅನ್ನುತ್ತಿದ್ದೆ. ಯಾರ ಮುಂದೆಯೂ ಬೇಡದಿದ್ದವಳು ಸೊಸೆಯ ಅಪ್ಪಣೆಗೆ ಕಾಯುತ್ತಿದ್ದಳು. ಆ ಸೊಸೆಗೆ ಅದು ಗೊತ್ತೇ ಇರಲಿಲ್ಲ. ಕಾರ್ಖಾನೆಗೆ ಹೊರಡುವ ಮುಂಚೆ ಅಪ್ಪ, "ಹೆಂಗಿದೀಯವ್ವ?" ಅಂದರೆ, "ಆರಾಮಪ್ಪ" ಅನ್ನುತ್ತಿದ್ದಳು. ಮಗನ ಮುಂದೆ ಸೊಸೆಯ ಮೇಲೆ ಚಾಡಿ ಹೇಳಿದಂತಾಗಬಾರದಲ್ಲ. ಆಟದ ನಡುವೆಯೂ ನನ್ನ ಕಿವಿ ಮನೆಯ ಕಡೆಗೇ ಇರುತ್ತಿತ್ತು. ಇಬ್ಬರೂ ಎಲ್ಲಿ ಮಾತಾಡಿಬಿಡುತ್ತಾರೋ ಎಂಬ ಭಯ. ಅತ್ತೆ ಸೊಸೆ ರಾಜಿಯಾಗದಿರಲಿ ಎಂದು ದೇವರಿಗೆ ಕೈ ಮುಗಿದ ಹುಡುಗ ನಾನು.

ಶಾಲೆ ತೆರೆಯುವ ಹೊತ್ತಿಗೆ ಪಂಡಿತರು ಬಂದರು. ಅಜ್ಜಿಯ ಮಂಡಿ ಹಿಡಿದು ಮಡಿಸಲು ನೋಡಿದರು. ಅದು ಮಡಿಯಲಿಲ್ಲ. ಎಣ್ಣೆ ಹಚ್ಚಿ ಒತ್ತಿದಾಗ ಅಜ್ಜಿ ಚೀರಿದ್ದು ಬೀದಿಗೆಲ್ಲ ಕೇಳಿಸಿತು.

"ಯಾರಮ್ಮಾ ಇವರನ್ನ ಮಲಗಿಸಿಟ್ಟಿದ್ದು?" ಎಂದು ಪಂಡಿತರು ಸಿಟ್ಟಾದರು.

ಬಾಗಿಲಲ್ಲಿದ್ದ ಅಮ್ಮ ಮಾತು ಬಿಟ್ಟಿದ್ದನ್ನು ಮರೆತು ನೇರವಾಗಿ ಕೇಳಿದಳು. "ಅತ್ತೆ, ನೀವೇ ತಾನೆ ಬರಲ್ಲ ಅಂದಿದ್ದು? ದಿನಾ ಹೇಳಿ ಕಳಿಸ್ತಿದ್ದೆನಲ್ಲ!"

ಅಜ್ಜಿ ಅಮ್ಮನನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಬಾಗಿಲಿಗೂ ಮಂಚಕ್ಕೂ ನಡುವೆ ನಿಂತಿದ್ದೆ. ಅವಳಿಗೆ ಎಲ್ಲ ತಿಳಿಯಿತು ಎಂದು ನನಗೂ ತಿಳಿಯಿತು.

"ಹೌದವ್ವ" ಅಂದಳು ಅಜ್ಜಿ. "ನಾನೇ ಬ್ಯಾಡ ಅಂದೆ. ನೋಯ್ತಿತ್ತು."

ಆ ಕಾಲು ಮತ್ತೆ ಸರಿಹೋಗಲಿಲ್ಲ. ಮಂಚ ಹಿಡಿದು ನಿಲ್ಲುತ್ತಿದ್ದಳು, ಅಷ್ಟೇ. ಹಿತ್ತಲಿನ ಮೆಟ್ಟಿಲು ಇಳಿಯಲಿಲ್ಲ. ನಾನು ಹೈಸ್ಕೂಲು ಮುಗಿಸುವ ತನಕ ಬದುಕಿದ್ದಳು. ಅಷ್ಟು ವರ್ಷವೂ ಅಮ್ಮ ಬೋಗುಣಿ ಹೊತ್ತಳು, ಹೊರುವಾಗಲೆಲ್ಲ, "ಅವತ್ತೇ ಹಠ ಬಿಟ್ಟು ನಡೆದಿದ್ರೆ ನಿಮಗೂ ಇದಿಲ್ಲ, ನನಗೂ ಇಲ್ಲ" ಅನ್ನುತ್ತಿದ್ದಳು. ಅಜ್ಜಿ ಒಂದು ದಿನವೂ ಎದುರಾಡಲಿಲ್ಲ. ಒಮ್ಮೆ ನಾನೇ ತಡೆಯಲಾರದೆ, "ಅಜ್ಜಿ, ಅಮ್ಮನಿಗೆ ಹೇಳಿಬಿಡ್ತೀನಿ" ಅಂದೆ.

"ಸುಮ್ನಿರಲೇ. ಹೇಳಿದ್ರೆ ಮಂಡಿ ಮಡೀತದಾ? ನಿನ್ನ ಬೆನ್ನು ಮುರೀತದ, ಅಷ್ಟೇ" ಎಂದು ನಕ್ಕಳು.

ಬಚಾವಾದೆ ಎಂದುಕೊಂಡೆ. ಬಚಾವಾಗಲಿಲ್ಲ. ಅಮ್ಮನೂ ಅಜ್ಜಿಯನ್ನು ಹಠಮಾರಿ ಎಂದುಕೊಂಡೇ ತೀರಿಕೊಂಡಳು. ಈಗ ಹೇಳಬೇಕಾದವರು ಯಾರೂ ಉಳಿದಿಲ್ಲದ್ದರಿಂದ ನಿಮಗೆ ಹೇಳುತ್ತಿದ್ದೇನೆ.

ಈಗ ವಿಜಯನಗರದಲ್ಲಿ ಮಗನ ಜೊತೆ ಇದ್ದೇನೆ. ಹೋದ ವರ್ಷ ನನಗೂ ಮಂಡಿಯ ಆಪರೇಷನ್ ಆಯಿತು. ವ್ಯಾಯಾಮ ಮಾಡಿಸುವ ಹುಡುಗಿ ಮಂಡಿ ಒತ್ತಿದಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಸೊಸೆ ಪಕ್ಕದಲ್ಲೇ ನಿಂತು, "ಇನ್ನೊಂಚೂರು ಮಾವ, ಇನ್ನೊಂದೇ ಸಲ" ಅನ್ನುತ್ತಿದ್ದಳು. ನಡುವೆ ಯಾರೂ ಇರಲಿಲ್ಲ. ನಾನು ನಡೆದೆ.

ಪಾರ್ಕಿನಲ್ಲಿ ನನ್ನ ವಾರಿಗೆಯವರು ಕಳೆದುಹೋದದ್ದನ್ನೆಲ್ಲ ನೆನೆಯುತ್ತಾರೆ. ಖಾಲಿ ಸೈಟುಗಳು, ಸೈರನ್, ಬೀದಿಯಲ್ಲಿ ಆಡುವ ಮಕ್ಕಳು. ನಾನೂ ಹೂಂಗುಟ್ಟುತ್ತೇನೆ. ಅವೆಲ್ಲ ಕಾಲ ಕಳೆದದ್ದು. ನಾನು ಕೈಯಾರೆ ಕಳೆದದ್ದು ಬೇರೆ ಇದೆ, ಅದನ್ನು ಅಲ್ಲಿ ಹೇಳಲಾರೆ. ಬೆಳಿಗ್ಗೆ ಎದ್ದು ಒಬ್ಬನೇ ಬಚ್ಚಲಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತೇನೆ. ಅಜ್ಜಿಗೆ ಅಷ್ಟು ವರ್ಷ ಚಿಲಕ ಹಾಕಿಕೊಳ್ಳಲು ಒಂದು ಬಾಗಿಲು ಇರಲಿಲ್ಲ.