ಎಡಗಣ್ಣಿನ ಕೆಳಗಿನ ಗುಳ್ಳೆ

ನನ್ನ ಗಂಡ ಬಸರೀಕಟ್ಟೆಯಿಂದ ಕೊಪ್ಪಕ್ಕೆ ಬಾಡಿಗೆ ಜೀಪು ಓಡಿಸುತ್ತಿದ್ದರು. ಜನ ಅಂದರೆ ಅವರಿಗೆ ಪ್ರಾಣ. ಅವರ ಮಾತು ಕೇಳಲಿಕ್ಕೆಂದೇ ಡ್ರೈವರ್ ಪಕ್ಕದ ಸೀಟಿಗೆ ಜಗಳವಾಗುತ್ತಿತ್ತು.

ಎರಡು ಸಾವಿರದ ಇಸವಿ ಕಳೆದ ಮೇಲೆ ಅವರ ಎಡಗಣ್ಣಿನ ಕೆಳಗೆ ಕಡಲೆಕಾಳಿನಷ್ಟು ಗುಳ್ಳೆಯೊಂದು ಎದ್ದಿತು. ಒಡೆದು ರಕ್ತ ಜಿನುಗುವುದು, ಹಕ್ಕಳೆ ಕಟ್ಟುವುದು, ಮತ್ತೆ ಒಡೆಯುವುದು.

"ಡಾಕ್ಟರಿಗೆ ತೋರಿಸಿ ಬನ್ನಿ" ಅಂದೆ.

"ನೋವೇ ಇಲ್ಲ ಮಾರಾಯ್ತಿ. ಎಂತ ಅಂತ ತೋರಿಸೂದು?"

ಅರಿಶಿನ ಹಚ್ಚಿದರು. ಯಾರೋ ಕೊಟ್ಟ ನಾಟಿ ಮದ್ದು ಹಚ್ಚಿದರು. ಒಂದು ಮಳೆಗಾಲ ಹೋಯಿತು, ಮತ್ತೊಂದೂ ಹೋಯಿತು. ಗುಳ್ಳೆ ಹುಣ್ಣಾಗಿ ಕೆನ್ನೆಗೆ ಇಳಿಯಿತು, ವಾಸನೆ ಬರತೊಡಗಿತು. ಅವರು ಮುಖಕ್ಕೆ ಟವೆಲ್ ಸುತ್ತಿಕೊಂಡು ಜೀಪು ಹತ್ತುತ್ತಿದ್ದರು.

ಒಂದು ದಿನ ನಾನೂ ಕೊಪ್ಪಕ್ಕೆ ಹೊರಟೆ. ಹಿಂದೆ ಉಸಿರಾಡಲಿಕ್ಕೂ ಜಾಗವಿಲ್ಲದಷ್ಟು ಜನ, ಮುಂದಿನ ಸೀಟು ಮಾತ್ರ ಖಾಲಿ. ಯಾವಾಗಲೂ ಅಲ್ಲೇ ಕೂರುತ್ತಿದ್ದ ಹಿರಿಯರೊಬ್ಬರು, "ನಾನು ಹಿಂದೇ ಇರ್ತೀನಿ ಮಾರಾಯ, ಮುಂದೆ ಗಾಳಿ ಜಾಸ್ತಿ" ಅಂದರು. ನಾನು ಹೋಗಿ ಕೂತೆ. ಕೊಪ್ಪ ಮುಟ್ಟುವವರೆಗೂ ನನ್ನ ಗಂಡ ಮುಖದ ಟವೆಲನ್ನು ಮತ್ತೆ ಮತ್ತೆ ಬಿಗಿದುಕೊಳ್ಳುತ್ತಿದ್ದರು.

ಅಂದು ಸಂಜೆ ಬಾಯಿಬಿಟ್ಟರು. "ಇದು ಕುಷ್ಠ ಆಗಿದ್ರೆ? ಡಾಕ್ಟ್ರು ಹೇಳಿಬಿಟ್ರೆ ನನ್ನ ಯಾರು ಹತ್ರ ಸೇರಿಸ್ತಾರೆ?"

"ಈಗ ಯಾರು ಸೇರಿಸ್ತಿದಾರೆ?" ಅಂದೆ. ಆಮೇಲೆ ಇಬ್ಬರಿಗೂ ಊಟ ಸೇರಲಿಲ್ಲ.

ಕೊಪ್ಪದ ಡಾಕ್ಟರು ನೋಡಿದ ಕೂಡಲೇ ಮಂಗಳೂರಿಗೆ ಕಳಿಸಿದರು. ಅಲ್ಲಿ ಹುಣ್ಣಿನ ಚೂರು ತೆಗೆದು ಪರೀಕ್ಷೆ ಮಾಡಿದರು. "ಕುಷ್ಠ ಅಲ್ಲ" ಎಂದರು ಅಲ್ಲಿನ ಡಾಕ್ಟರು. "ಚರ್ಮದ ಕ್ಯಾನ್ಸರ್. ಕಾಳಿನಷ್ಟಿದ್ದಾಗಲೇ ಬಂದಿದ್ದರೆ ಅಷ್ಟನ್ನು ಕತ್ತರಿಸಿ ತೆಗೆದು ಮನೆಗೆ ಕಳಿಸ್ತಿದ್ವಿ. ಈಗ ಮೂಳೆಗೆ ಇಳಿದಿದೆ. ಕಣ್ಣು ಉಳಿಯೋದಿಲ್ಲ."

ನನ್ನ ಗಂಡ ನಕ್ಕರು. ಕುಷ್ಠ ಅಲ್ಲ ಎಂಬುದಷ್ಟೇ ಅವರ ಕಿವಿಗೆ ಬಿದ್ದಿತ್ತು. ಉಳಿದದ್ದನ್ನು ಕೇಳಿಸಿಕೊಂಡವಳು ನಾನೊಬ್ಬಳೇ. ಅವರ ಭುಜಕ್ಕೆ ಭುಜ ತಾಗಿಸಿ ಕೂತಿದ್ದರೂ ಅಷ್ಟು ಒಂಟಿಯಾಗಿ ನಾನು ಎಂದೂ ಇರಲಿಲ್ಲ.

ಕಣ್ಣು ತೆಗೆದರು, ಕೆನ್ನೆಯ ಎಲುಬನ್ನೂ ತೆಗೆದರು. ತೊಡೆಯ ಚರ್ಮ ತಂದು ಅಲ್ಲಿಗೆ ಹೊಲಿದರು. ಜೀವ ಉಳಿಯಿತು. ಜೀಪು ಮಾರಿದೆವು. ಮೊದಮೊದಲು ಬಂದು ನೋಡಿದವರು ನೆಲ ನೋಡುತ್ತ ಕಾಫಿ ಕುಡಿದು ಎದ್ದರು. ಕ್ರಮೇಣ ಬರುವುದನ್ನೇ ಬಿಟ್ಟರು. ನನ್ನ ಗಂಡನೂ ಅಂಗಳ ದಾಟುವುದನ್ನು ಬಿಟ್ಟರು.

ಮದುವೆ ಮನೆಗಳಿಗೆ ನಾನೊಬ್ಬಳೇ ಹೋಗುತ್ತೇನೆ. "ಯಜಮಾನ್ರು ಬರ್ಲಿಲ್ವಾ?" ಎಂದು ಯಾರಾದರೂ ಕೇಳಿಯಾರು ಎಂದು ಕಾಯುತ್ತೇನೆ. ಯಾರೂ ಕೇಳುವುದಿಲ್ಲ.