ಅಳಿಸಲು ಬಿಡದ ಚರ್ಚೆ

ವಿರಾಜಪೇಟೆಯಲ್ಲಿ ನನ್ನದೊಂದು ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ. ಅದರ ಜೊತೆಗೆ, ಕಾಫಿ ಬೆಳೆಗಾರರಿಗಾಗಿ ನಾವು ಐದು ಜನ ಗೆಳೆಯರು ಇಂಟರ್ನೆಟ್ಟಿನಲ್ಲಿ ಶುರುಮಾಡಿದ ಕನ್ನಡ ಫೋರಂ ಒಂದನ್ನು ಏಳೆಂಟು ವರ್ಷ ನಾನೇ ನೋಡಿಕೊಂಡೆ. ಯಾರು ಬೇಕಾದರೂ ಪ್ರಶ್ನೆ ಹಾಕಬಹುದು, ಯಾರು ಬೇಕಾದರೂ ಉತ್ತರ ಬರೆಯಬಹುದು. ಮೊದಮೊದಲು, ಚರ್ಚೆ ಶುರುಮಾಡಿದವರು ಬೇಡವೆನಿಸಿದರೆ ಅದನ್ನು ಪೂರ್ತಿ ಅಳಿಸಿಬಿಡಲೂಬಹುದಿತ್ತು. ಆ ಅವಕಾಶವನ್ನು ತೆಗೆಸಿದವನು ನಾನು.

ಕಾರಣವಿತ್ತು. ಶ್ರೀಮಂಗಲದ ಕಡೆಯ ಬೆಳೆಗಾರರೊಬ್ಬರು ಮೆಣಸಿನ ಬಳ್ಳಿಯ ಸೊರಗು ರೋಗದ ಬಗ್ಗೆ ಒಂದು ಚರ್ಚೆ ಎತ್ತಿದ್ದರು. ಎರಡು ಮಳೆಗಾಲ ಅದು ನಡೆಯಿತು. ಯಾವ ಮದ್ದು, ಎಷ್ಟು, ಯಾವಾಗ ಎಂದು ಹತ್ತಾರು ಜನ ತಮ್ಮ ತೋಟದ ಅನುಭವವನ್ನೆಲ್ಲ ಅಲ್ಲಿ ಸುರಿದಿದ್ದರು. ಒಂದು ದಿನ ಯಾರೋ ಗೇಲಿ ಮಾಡಿದರೆಂದು ಸಿಟ್ಟಾಗಿ ಅವರು ಡಿಲೀಟ್ ಒತ್ತಿದರು. ಅಷ್ಟೂ ಜನರ ಮಾತು ಒಂದೇ ಏಟಿಗೆ ಹೋಯಿತು. 'ಪ್ರಶ್ನೆ ಕೇಳಿದವರದು, ಉತ್ತರ ಎಲ್ಲರದು' ಎಂದು ನಾನು ನಿಯಮ ಬರೆದೆ. ಇನ್ನು ಮೇಲೆ ಏನಾದರೂ ಅಳಿಸಬೇಕಿದ್ದರೆ ನಮ್ಮ ಐವರಲ್ಲಿ ಮೂವರು ಒಪ್ಪಬೇಕು. ಆ ಸಾಲು ಬರೆದದ್ದಕ್ಕೆ ನನಗೆ ಹೆಮ್ಮೆಯೂ ಇತ್ತು.

ಅದಾಗಿ ಒಂದು ವರ್ಷಕ್ಕೆ, ರೋಬಸ್ಟಾ ಕಾಫಿಯ ಕೊಯ್ಲು ಮುಗಿಯುವ ಹೊತ್ತಿಗೆ, ಹೂವಿನ ಹೆಸರಿಟ್ಟುಕೊಂಡ ಸದಸ್ಯರೊಬ್ಬರು ಒಂದು ಪ್ರಶ್ನೆ ಹಾಕಿದರು. ಆನೆ ತಡೆಯಲು ಹಾಕಿಸಿದ ಸೋಲಾರ್ ಬೇಲಿ ಕೈಕೊಡುತ್ತಿದೆ, ಏನು ಮಾಡಲಿ? ನಮ್ಮ ಜನ ಉತ್ಸಾಹದಿಂದ ಮುಗಿಬಿದ್ದರು. ಬೇಲಿ ಎಲ್ಲಿ ಸತ್ತಿದೆ ಎಂದು ಒಬ್ಬರು ಕೇಳಿದರು. ತಿತಿಮತಿ ಕಡೆಯ ತೋಟ, ಪೂರ್ವದ ಮೂಲೆಯಲ್ಲಿ, ಮೂರನೇ ತಂತಿ ಎಂದು ಆಕೆ ಬರೆದರು. ಲೈನ್‌ನ ಕೆಲಸಗಾರರ ಕೈಲಿ ತಂತಿಗೆ ತಾಗುವ ಹುಲ್ಲು ಸವರಿಸಿ ಎಂದರು ಇನ್ನೊಬ್ಬರು. ಅವರೆಲ್ಲ ಊರಿಗೆ ಹೋದರು, ಲೈನ್ ಮನೆಗಳು ಖಾಲಿ ಎಂದರು ಆಕೆ. ನಾಯಿ ಇಲ್ಲವೇ ಎಂದು ಮತ್ತೊಬ್ಬರು; ಇತ್ತು, ಚಿರತೆ ಹೊತ್ತುಕೊಂಡು ಹೋಯಿತು. ಕೇಳಿದ್ದಕ್ಕೆಲ್ಲ ಸಂಕೋಚವಿಲ್ಲದೆ ಉತ್ತರ ಕೊಟ್ಟರು. ನಾನೂ ನಡುವೆ ಬ್ಯಾಟರಿ ಬಗ್ಗೆ ನಾಲ್ಕು ಸಾಲು ಬರೆದೆ. ಅದನ್ನೆಲ್ಲ ಒಟ್ಟಿಗೆ ಓದಿದರೆ ಏನಾಗುತ್ತದೆಂದು ನಮಗ್ಯಾರಿಗೂ ಹೊಳೆಯಲಿಲ್ಲ.

ಆಮೇಲೆ ಹೊಸ ಸದಸ್ಯನೊಬ್ಬ ಸೇರಿಕೊಂಡ. ಅವನು ಬೇರೆ ಯಾವ ಚರ್ಚೆಗೂ ಹೋಗಲಿಲ್ಲ. 'ಹೊಸ ನಾಯಿ ತಂದಿರಾ?' ಎಂದು ಕೇಳಿದ. ನಾಲ್ಕು ದಿನ ಬಿಟ್ಟು, 'ಲೈನ್‌ಗೆ ಜನ ಬಂದರಾ?' ಎಂದ. ಆಕೆ ಉತ್ತರ ಬರೆಯುವುದನ್ನು ನಿಲ್ಲಿಸಿದರು. ಅವನು ನಿಲ್ಲಿಸಲಿಲ್ಲ.

ಒಂದು ಬೆಳಿಗ್ಗೆ ಅಂಗಡಿಗೆ ಫೋನ್ ಬಂತು. ದನಿ ಗೊತ್ತಿದ್ದದ್ದೇ. ತಿತಿಮತಿ ಹತ್ತಿರ ತೋಟವಿದ್ದ ಹೆಂಗಸು, ನಲವತ್ತೈದರ ಆಸುಪಾಸು, ಮೂಲತಃ ಶನಿವಾರಸಂತೆ ಕಡೆಯವರು. ಗಂಡ ತೀರಿಕೊಂಡ ಮೇಲೆ ತೋಟ ತಾವೇ ನಡೆಸುತ್ತಿದ್ದರು, ಸ್ಪ್ರಿಂಕ್ಲರ್ ಸಾಮಾನು ನನ್ನಲ್ಲೇ ಕೊಳ್ಳುತ್ತಿದ್ದರು.

"ಅಣ್ಣ, ಆ ಬೇಲಿ ಚರ್ಚೆ ಹಾಕಿದ್ದು ನಾನೇ. ಅದನ್ನ ತೆಗೆದುಬಿಡಿ."

ನಿಯಮ ಹೇಳಿದೆ. ಬರೆದವರು ಎಷ್ಟೋ ಜನ, ಬೇರೆಯವರಿಗೂ ಉಪಯೋಗ ಆಗ್ತದೆ ಎಂದೆ.

"ಉತ್ತರ ಎಲ್ಲ ನಿಮ್ಮದೇ ಆಗ್ಲಿ. ನನ್ನ ಮನೆ ನನ್ನದಲ್ವಾ?" ಎಂದರು. ಹಿಂದೆಯೇ, "ನಿನ್ನೆ ಅವನು ಏನು ಕೇಳಿದಾನೆ ನೋಡಿದ್ರಾ? ಹಿತ್ತಲ ಬಾಗಿಲ ಬಲ್ಬು ಯಾಕೆ ಉರೀತಿಲ್ಲ ಅಂತ. ಬಲ್ಬಿನ ವಿಷಯ ನಾನು ಬರೆದೇ ಇಲ್ಲ ಅಣ್ಣ."

"ಮರೆತಿರ್ತೀರಿ, ನೋಡ್ತೀನಿ" ಎಂದು ಫೋನಿಟ್ಟೆ.

ಚರ್ಚೆಯನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದೆ. ಅವನ ಪ್ರಶ್ನೆ ಬಿಟ್ಟರೆ ಬಲ್ಬಿನ ಮಾತು ಎಲ್ಲೂ ಇರಲಿಲ್ಲ. ಅಂಗಡಿಯ ಮುಂದೆ ಬಿಸಿಲು ಚೆನ್ನಾಗಿ ಬಿದ್ದಿತ್ತು, ಕೇರಳದ ಬಸ್ಸು ಹಾರ್ನ್ ಹೊಡೆಯುತ್ತಿತ್ತು, ನಾನು ಅವನ ಪ್ರಶ್ನೆಯನ್ನೇ ಮತ್ತೆ ಓದಿದೆ. ಆ ಕ್ಷಣವೇ ಅಳಿಸುವುದು ನನ್ನ ಕೈಯಲ್ಲಿತ್ತು. ಆದರೂ ಉಳಿದ ನಾಲ್ವರಿಗೆ ಮೆಸೇಜ್ ಹಾಕಿ ಒಪ್ಪಿಗೆ ಕೇಳಿದೆ. ನಾನೇ ಮಾಡಿದ ನಿಯಮವನ್ನು ನಾನೇ ಮುರಿದರೆ ಏನಂದುಕೊಂಡಾರು ಎಂಬ ಬಿಗುಮಾನ. ಒಬ್ಬರು ಒಪ್ಪಿದರು. ಒಬ್ಬರು, 'ಇವತ್ತು ಇವರು, ನಾಳೆ ಇನ್ನೊಬ್ಬರು' ಎಂದು ಬರೆದರು. ಉಳಿದಿಬ್ಬರು ಮೆಸೇಜ್ ನೋಡಿಯೇ ಇರಲಿಲ್ಲ.

ಮಾರನೆಯ ದಿನ ಹನ್ನೊಂದು ಗಂಟೆಯ ಹೊತ್ತಿಗೆ ಮತ್ತೆ ಫೋನ್. ಈ ಸಲ ಆಕೆ ಪಿಸುಗುಟ್ಟುತ್ತಿದ್ದರು.

"ಗೇಟಿನ ಹತ್ರ ಬಂದಿದ್ದ ಅಣ್ಣ. ಹೆಲ್ಮೆಟ್ ತೆಗೀಲಿಲ್ಲ. ಫೋರಂನಲ್ಲಿ ಇಟ್ಕೊಂಡಿರೋ ಹೆಸರು ಹಿಡಿದೇ ಕರೆದ. 'ಬೇಲಿ ರಿಪೇರಿಗೆ ಬಂದೆ, ಪೂರ್ವದ ಮೂಲೆ, ಮೂರನೇ ತಂತಿ ಅಲ್ವಾ' ಅಂದ. ನಾನು ಯಾರನ್ನೂ ಕರೆದಿಲ್ಲ ಅಂದೆ. 'ಪರವಾಗಿಲ್ಲ, ಇನ್ನೊಂದು ದಿನ ಬರ್ತೀನಿ' ಅಂದು ಹೋದ. ಓಡಲಿಲ್ಲ. ನಿಧಾನಕ್ಕೆ ನಡಕೊಂಡು ಹೋದ."

"ಬಾಗಿಲು ಹಾಕ್ಕೊಳ್ಳಿ, ಬಂದೆ" ಎಂದೆ. ಹೊರಡುವ ಮೊದಲು ಚರ್ಚೆಯನ್ನು ಅಳಿಸಿದೆ. ಯಾರ ಒಪ್ಪಿಗೆಗೂ ಕಾಯಲಿಲ್ಲ. ಅರ್ಧ ನಿಮಿಷವೂ ಹಿಡಿಯದ ಕೆಲಸ.

ನಾನು ತಲುಪುವಷ್ಟರಲ್ಲಿ ಆಕೆ ಜಗಲಿಯಲ್ಲಿ ಬೀಗದ ಕೈ ಹಿಡಿದು ಕೂತಿದ್ದರು. ಇಬ್ಬರೂ ಹಿತ್ತಲಿಗೆ ಹೋಗಿ ನೋಡಿದೆವು. ಬಲ್ಬು ಕೆಟ್ಟಿರಲಿಲ್ಲ. ಯಾರೋ ಅದನ್ನು ಹೋಲ್ಡರ್‌ನಿಂದ ಬಿಡಿಸಿ ಕಿಟಕಿಯ ದಂಡೆಯ ಮೇಲೆ ಒಡೆಯದಂತೆ ಇಟ್ಟಿದ್ದರು. ಆಕೆ ಅದನ್ನು ಮುಟ್ಟಲೂ ಇಲ್ಲ.

ಪೊಲೀಸರು ಬಂದರು, ಹೇಳಿಕೆ ಬರೆದುಕೊಂಡರು. ಆ ಸದಸ್ಯನ ಇಮೇಲ್ ಕೊಟ್ಟೆ. ಅದರಿಂದ ಏನೂ ಸಿಗಲಿಲ್ಲ. ಚರ್ಚೆ ಅಳಿಸಿಬಿಟ್ಟಿದ್ದರಿಂದ ಅವನು ಬರೆದದ್ದನ್ನು ತೋರಿಸಲೂ ನನ್ನ ಬಳಿ ಏನೂ ಉಳಿದಿರಲಿಲ್ಲ. ಇಟ್ಟಿದ್ದೂ ತಪ್ಪಾಯಿತು, ತೆಗೆದದ್ದೂ ತಪ್ಪಾಯಿತು. ಮೊದಲ ದಿನವೇ ಅಳಿಸಿದ್ದರೆ ಅವನು ಬರುತ್ತಿರಲಿಲ್ಲವೇ ಎಂದು ಕೇಳಿದರೆ ಈಗಲೂ ನನಗೆ ಗೊತ್ತಿಲ್ಲ. ಅವನು ಆಗಲೇ ಓದಿ ಮುಗಿಸಿದ್ದ. ಆದರೆ ಆಕೆ ಕೇಳಿದ್ದು ಅವನನ್ನು ಹಿಡಿಯಿರಿ ಎಂದಲ್ಲ. ತನ್ನ ಮನೆಯ ಮಾತನ್ನು ವಾಪಸು ಕೊಡಿ ಎಂದಷ್ಟೇ. ಅದಕ್ಕೆ ನಾನು ಮತ ಹಾಕಿಸಲು ಹೊರಟಿದ್ದೆ.

ಅದೇ ವಾರ ಆಕೆ ತೋಟವನ್ನು ಮೈದುನನಿಗೆ ಒಪ್ಪಿಸಿ ಹೊರಟುಹೋದರು. ಫೋರಂನಲ್ಲಿ ಅಳಿಸುವ ಅವಕಾಶವನ್ನು ಮತ್ತೆ ಕೊಟ್ಟೆವು. ಬೇರೆಯವರ ಉತ್ತರಗಳನ್ನು ಹೆಸರು, ಜಾಗ ತೆಗೆದು ಬೇರೆ ಪುಟದಲ್ಲಿ ಉಳಿಸಿಕೊಳ್ಳುವ ವ್ಯವಸ್ಥೆಯೂ ಆಯಿತು. ಕೆಲವು ತಿಂಗಳಿಗೆ ನಾನು ಆ ಜವಾಬ್ದಾರಿ ಬಿಟ್ಟೆ.

ಹೋದ ವರ್ಷ ವಿರಾಜಪೇಟೆ ಬಸ್ ಸ್ಟ್ಯಾಂಡಿನಲ್ಲಿ ಆಕೆ ಸಿಕ್ಕರು. ಸೊರಗಿದ್ದರು, ನಕ್ಕರು. ಚೆನ್ನಾಗಿದ್ದೀರಾ ಎಂದು ಕೇಳಿದೆ. ಚೆನ್ನಾಗಿದ್ದೀನಿ ಎಂದರು. ಅಭ್ಯಾಸಬಲದಿಂದ ನನ್ನ ಬಾಯಿಂದ ಬಂದುಬಿಟ್ಟಿತು: "ಈಗ ಯಾವ ಕಡೆ ಮನೆ?"

ಆಕೆ ನನ್ನ ಮುಖವನ್ನೇ ನೋಡಿದರು. ಸಿಟ್ಟೇನಿರಲಿಲ್ಲ. "ಬಸ್ಸು ಬಂತು, ಬರ್ತೀನಿ ಅಣ್ಣ" ಎಂದು ಚೀಲ ಎತ್ತಿಕೊಂಡು ಹೊರಟರು. ಬಸ್ಸಿನ ಬೋರ್ಡು ಕಣ್ಣಿಗೆ ಬೀಳದಿರಲಿ ಎಂದು ನಾನು ಬೆನ್ನು ತಿರುಗಿಸಿ, ಅದು ಹೋಗುವ ತನಕ ಹಾಗೇ ನಿಂತಿದ್ದೆ.